ತೊಟ್ಟಿಯಲ್ಲಿ ಕೆಟ್ಟದ್ದು ಫಿಲ್ಟರಿನಲ್ಲಿ ಸರಿಹೋಗುವುದಿಲ್ಲ

(ಮಡಿಕೇರಿಯಲ್ಲಿ ಕಾಫಿ ಬೆಳೆಗಾರರು ಮತ್ತು ಮನೆಯಲ್ಲೇ ವೈನ್ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಬ್ರೂಯಿಂಗ್ ಮತ್ತು ಫರ್ಮೆಂಟೇಶನ್. ಎರಡೂ ಒಂದೇ ಅಲ್ವಾ, ಇದರಲ್ಲಿ ಮಾತಾಡುವುದಕ್ಕೆ ಏನಿದೆ ಅಂತ ಕೆಲವರಿಗೆ ಅನಿಸಿರಬಹುದು. ಬಿಯರ್ ಮಾಡುವ ಜಾಗಕ್ಕೆ ಬ್ರೂವರಿ ಅನ್ನುತ್ತಾರೆ, ಬಿಯರ್ ಆಗುವುದು ಹುದುಗಿ, ಹಾಗಾಗಿ ಎರಡೂ ಒಂದೇ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಕಾಫಿ ಬೆಳೆಯುವ ನಮಗೆ ಇವು ಬೇರೆ ಬೇರೆ ಅಂತ ಚೆನ್ನಾಗಿ ಗೊತ್ತಿರಬೇಕು. ಯಾಕೆಂದರೆ ಒಂದೇ ಕಾಫಿ ಬೀಜ ಎರಡಕ್ಕೂ ಒಳಗಾಗುತ್ತದೆ. ಒಂದು ನಮ್ಮ ಪಲ್ಪರ್ ಮನೆಯ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇರುವ ಮನೆಯ ತೊಟ್ಟಿಯಲ್ಲಿ, ಇನ್ನೊಂದು ಎಷ್ಟೋ ತಿಂಗಳ ಮೇಲೆ ಯಾರದೋ ಅಡುಗೆಮನೆಯ ಫಿಲ್ಟರಿನಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಪುಟ್ಟ ಜಿಲ್ಲೆಯಿಂದ ಹೋಗುತ್ತದೆ. ಅಂದಮೇಲೆ ಈ ತೊಟ್ಟಿಗಳಲ್ಲಿ ಏನಾಗುತ್ತದೆ ಅನ್ನುವುದು ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎಲೆ, ಬೀಜ, ಬೇರು, ಕಾಳು, ಯಾವುದೇ ಇರಲಿ, ಅದರೊಳಗಿನ ರುಚಿ, ಬಣ್ಣ, ಸಿಹಿ, ಕಹಿಯನ್ನು ನೀರಿಗೆ ಇಳಿಸಿಕೊಳ್ಳುವುದು ಬ್ರೂಯಿಂಗ್. ಸಾಮಾನ್ಯವಾಗಿ ಬಿಸಿನೀರು ಬಳಸುತ್ತೇವೆ. ಬಿಸಿ ಇರಲೇಬೇಕು ಅಂತೇನಿಲ್ಲ, ಕೋಲ್ಡ್ ಬ್ರೂ ಕಾಫಿಯನ್ನು ತಣ್ಣೀರಿನಲ್ಲೇ 12 ರಿಂದ 24 ಗಂಟೆ ನೆನೆಸಿ ಇಳಿಸುತ್ತಾರೆ. ಇಲ್ಲಿ ಜೀವ ಇರುವ ಯಾವುದೂ ಕೆಲಸ ಮಾಡುವುದಿಲ್ಲ. ನೀರು, ಶಾಖ, ಹೊತ್ತು, ಪುಡಿ ಎಷ್ಟು ನುಣ್ಣಗಿದೆ ಅನ್ನುವುದು, ಇಷ್ಟೇ.

ಫರ್ಮೆಂಟೇಶನ್ ಅಂದರೆ ಹುದುಗುವುದು, ಹುಳಿ ಬರುವುದು. ಇಲ್ಲಿ ದುಡಿಯುವುದು ಕಣ್ಣಿಗೆ ಕಾಣದ ಜೀವಿಗಳು: ಯೀಸ್ಟ್, ಬ್ಯಾಕ್ಟೀರಿಯಾ, ಕೆಲವು ಕಡೆ ಬೂಷ್ಟು. ಅವು ಸಕ್ಕರೆಯನ್ನು ತಿಂದು ಮೊದಲು ಅಲ್ಲಿ ಇಲ್ಲದೇ ಇದ್ದದ್ದನ್ನು ಹುಟ್ಟಿಸುತ್ತವೆ. ಯೀಸ್ಟ್ ಆದರೆ ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆದರೆ ಮೊಸರಿನಲ್ಲಿ ಬರುವಂಥ ಹುಳಿ. ಇದಕ್ಕೆ ಕುದಿಸುವುದು ಬೇಕಿಲ್ಲ. ಕುದಿಸಿದರೆ ಕೆಲಸ ಮಾಡುವವೇ ಸತ್ತುಹೋಗುತ್ತವೆ. ಬ್ರೂಯಿಂಗ್ ನಮ್ಮ ಕೈಯಲ್ಲಿದೆ, ಬೇಕಾದಾಗ ಶುರುಮಾಡಿ ಬೇಕಾದಾಗ ನಿಲ್ಲಿಸಬಹುದು. ಫರ್ಮೆಂಟೇಶನ್‌ನಲ್ಲಿ ನಾವು ಜಾಗ, ಆಹಾರ, ಹದವಾದ ಬಿಸಿ ಕೊಟ್ಟು ಪಕ್ಕದಲ್ಲಿ ನಿಂತು ನೋಡಿಕೊಳ್ಳಬಹುದು, ಅಷ್ಟೇ.

ಬರೀ ಬ್ರೂಯಿಂಗ್‌ಗೆ ಕೊಡಗಿನಲ್ಲಿ ಮದ್ದು ಸೊಪ್ಪಿಗಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಲ್ಲ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3 ರ ಹೊತ್ತಿಗೆ, ಆ ಸೊಪ್ಪನ್ನು ದಂಟು ಸಮೇತ ಕಿತ್ತು ತಂದು ನೀರಿನಲ್ಲಿ ಕುದಿಸುತ್ತೇವೆ. ಮೊದಲು ನೀರು ಸುಮ್ನೆ ಹಸಿರು ಹಸಿರಾಗಿ ಕಾಣುತ್ತದೆ, ಆಮೇಲೆ ನೋಡನೋಡುತ್ತಿದ್ದಂತೆ ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಜೊತೆಗೆ ಇಡೀ ಮನೆಯಲ್ಲಿ ಆ ಘಮ. ಸೋಸಿದ ನೀರಿನಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುತ್ತೇವೆ, ಅಕ್ಕಿ ತರಿಯಿಂದ ಪುಟ್ಟು ಮಾಡುತ್ತೇವೆ. ಮಾರನೇ ದಿನ ಮೂತ್ರಕ್ಕೂ ಅದರ ಬಣ್ಣ ಬಂದಿರುತ್ತದೆ, ಇದು ನಿಮಗೆಲ್ಲ ಗೊತ್ತಿರುವುದೇ. ಎಲೆಯಲ್ಲಿ ಇದ್ದದ್ದು ನೀರಿಗೆ ಬಂತು, ನೀರಿನಿಂದ ನಮ್ಮ ಹೊಟ್ಟೆಗೆ ಬಂತು. ನಡುವೆ ಯಾವ ಜೀವಿಯೂ ಏನನ್ನೂ ಹೊಸದಾಗಿ ಮಾಡಲಿಲ್ಲ. ಟೀ, ಕಷಾಯ, ಫಿಲ್ಟರ್ ಡಿಕಾಕ್ಷನ್ ಎಲ್ಲವೂ ಇದೇ ಜಾತಿ.

ಇದಕ್ಕೆ ಪೂರ್ತಿ ಎದುರಿನದು ಬೈನೆ ಕಳ್ಳು. ಬೈನೆ ಮರದ ಹೂಗೊಂಚಲಿನ ದಂಟು ಕೊಯ್ದು ಮಡಕೆ ಕಟ್ಟುತ್ತಾರೆ. ಇಳಿಯುವ ರಸದಲ್ಲಿ ಸಕ್ಕರೆ ಆಗಲೇ ಕರಗಿಕೊಂಡಿರುತ್ತದೆ. ಏನನ್ನೂ ಕುದಿಸಿ ಇಳಿಸಬೇಕಾಗಿಲ್ಲ, ಮರವೇ ಆ ಕೆಲಸ ಮುಗಿಸಿ ಕೊಟ್ಟಿದೆ. ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ, ಬಂದು ಕೂರುವ ಹುಳುಗಳ ಕಾಲಿನಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ಬೆಳಗ್ಗೆ ಸಿಹಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ನೊರೆ ಕಟ್ಟಿ ಚುರುಗುಟ್ಟುತ್ತದೆ, ಮಾರನೇ ದಿನಕ್ಕೆ ಹುಳಿ ಜಾಸ್ತಿಯಾಗಿ ಕುಡಿಯಲು ಕಷ್ಟ. ಅದೇ ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ? ರಸ ಸಿಹಿಯಾಗಿಯೇ ಉಳಿಯುತ್ತದೆ, ಅದನ್ನು ಕಾಯಿಸಿ ಬೆಲ್ಲ ಮಾಡಬಹುದು. ಮರ ಅದೇ, ರಸ ಅದೇ. ಸುಣ್ಣದ ಕ್ಷಾರದಲ್ಲಿ ಆ ಜೀವಿಗಳು ಬೆಳೆಯಲಾರವು, ವ್ಯತ್ಯಾಸ ಅಷ್ಟೇ.

ದ್ರಾಕ್ಷಿ ವೈನೂ ಹೀಗೇ. ಹಣ್ಣಿನಲ್ಲೇ ಸಕ್ಕರೆ ಇದೆ, ಕಿವುಚಿದರೆ ಸಾಕು. ಅದಕ್ಕೇ ವೈನ್ ಮಾಡುವುದನ್ನು ಬ್ರೂಯಿಂಗ್ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಬಿಯರ್‌ಗೆ ಬರೋಣ, ಗೊಂದಲ ಎಲ್ಲ ಇರುವುದು ಇಲ್ಲೇ. ಬಾರ್ಲಿಯಲ್ಲಿ ಇರುವುದು ಹೆಚ್ಚಾಗಿ ಪಿಷ್ಟ. ಯೀಸ್ಟ್‌ಗೆ ಪಿಷ್ಟ ತಿನ್ನಲು ಬರುವುದಿಲ್ಲ, ಸಕ್ಕರೆಯೇ ಬೇಕು. ಹಾಗಾಗಿ ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುತ್ತಾರೆ, ಅದು ಮಾಲ್ಟ್. ಮೊಳಕೆ ಬರುವಾಗ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು (ಎನ್‌ಝೈಮ್) ಹುಟ್ಟಿಕೊಳ್ಳುತ್ತವೆ. ಮೊಳಕೆ ಬರಿಸಿದ ರಾಗಿ ಹಿಟ್ಟಿನ ಗಂಜಿ ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುತ್ತದಲ್ಲ, ಅಲ್ಲಿ ಆಗುವುದೂ ಇದೇ. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸಿ 62 ರಿಂದ 70 ಡಿಗ್ರಿ ಒಳಗೆ ಸುಮಾರು ಒಂದು ಗಂಟೆ ಇಡುತ್ತಾರೆ. ಈ ಬಿಸಿಯಲ್ಲಿ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಸಕ್ಕರೆ ನೀರಿಗೆ ಇಳಿಯುತ್ತದೆ. ಇನ್ನೂ ಬಿಸಿ ಮಾಡಿದರೆ ಕಿಣ್ವ ಕೆಡುತ್ತದೆ, ಕಡಿಮೆ ಮಾಡಿದರೆ ಕೆಲಸ ನಿಧಾನ. ಆಮೇಲೆ ಸಿಪ್ಪೆ ಸೋಸಿ, ಆ ಸಿಹಿನೀರಿಗೆ ಹಾಪ್ಸ್ ಹೂವು ಹಾಕಿ ಒಂದು ಗಂಟೆಯಷ್ಟು ಕುದಿಸುತ್ತಾರೆ. ಹಾಪ್ಸ್‌ನಿಂದ ಕಹಿ ಬರುತ್ತದೆ, ಕುದಿತದಿಂದ ಅದರಲ್ಲಿದ್ದ ಕ್ರಿಮಿಗಳು ಸಾಯುತ್ತವೆ. ಇಲ್ಲಿಗೆ ಬ್ರೂಯಿಂಗ್ ಮುಗಿಯಿತು. ಒಂದು ದಿನದೊಳಗಿನ ಕೆಲಸ. ಈ ಹೊತ್ತಿನಲ್ಲಿ ಪಾತ್ರೆಯಲ್ಲಿರುವುದು ಸಿಹಿ ಕಹಿ ಕಷಾಯ, ಅದರಲ್ಲಿ ಆಲ್ಕೋಹಾಲ್ ಒಂದು ಹನಿಯೂ ಇಲ್ಲ.

ಇದನ್ನು ಬೇಗ ತಣ್ಣಗೆ ಮಾಡಿ, ಆಮೇಲೆ ಯೀಸ್ಟ್ ಹಾಕುತ್ತಾರೆ. ಬಿಸಿ ಇರುವಾಗ ಹಾಕಿದರೆ ಯೀಸ್ಟ್ ಸಾಯುತ್ತದೆ, 50 ಡಿಗ್ರಿ ದಾಟಿದರೆ ಅದು ಉಳಿಯುವುದು ಕಷ್ಟ. ಏಲ್ ಅನ್ನುವ ಬಗೆಯ ಬಿಯರ್ 18 ರಿಂದ 22 ಡಿಗ್ರಿಯಲ್ಲಿ ಒಂದೆರಡು ವಾರ ಹುದುಗುತ್ತದೆ. ಲಾಗರ್ ಅನ್ನುವುದು ಇನ್ನೂ ತಣ್ಣಗೆ, 8 ರಿಂದ 13 ಡಿಗ್ರಿಯಲ್ಲಿ, ಆಮೇಲೂ ವಾರಗಟ್ಟಲೆ ತಣ್ಣಗೆ ಇಟ್ಟು ಕಾಯಬೇಕು. ಬಿಯರ್ ಮಾಡುವವರು ಈ ಇಡೀ ಕೆಲಸಕ್ಕೆ ಒಟ್ಟಾಗಿ ಬ್ರೂಯಿಂಗ್ ಅನ್ನುವುದೂ ಉಂಟು, ಆಗ ಫರ್ಮೆಂಟೇಶನ್ ಅದರೊಳಗಿನ ಒಂದು ಹಂತ. ಹಾಗೆ ಹೇಳಿದರೂ ತಪ್ಪೇನಿಲ್ಲ. ಆದರೆ ಎರಡರ ಶಾಖ ಬೇರೆ, ಪಾತ್ರೆ ಬೇರೆ, ಕಾಯಬೇಕಾದ ದಿನ ಬೇರೆ. ಒಂದರಲ್ಲಿ ಮಾಡುವುದನ್ನು ಇನ್ನೊಂದರಲ್ಲಿ ಮಾಡಿದರೆ ಎಲ್ಲ ಹಾಳು.

ನಿಮ್ಮಲ್ಲಿ ಶುಂಠಿ ವೈನ್ ಮಾಡುವವರು ಕೈ ಎತ್ತಿ ಅಂದಾಗ ಸಾಕಷ್ಟು ಕೈ ಎದ್ದವು. ನೀವು ಮಾಡುವುದು ಬಿಯರ್ ಮಾಡುವ ದಾರಿಯೇ. ಶುಂಠಿ ಜಜ್ಜಿ ನೀರಲ್ಲಿ ಕುದಿಸಿ, ಸಕ್ಕರೆ ಹಾಕಿ, ಸೋಸಿ, ಪೂರ್ತಿ ತಣಿದ ಮೇಲೆ ಯೀಸ್ಟ್ ಹಾಕಿ ಭರಣಿಯಲ್ಲಿ ಇಡುತ್ತೀರಿ. ಮೊದಲರ್ಧ ಬ್ರೂಯಿಂಗ್, ಉಳಿದರ್ಧ ಫರ್ಮೆಂಟೇಶನ್. ಯೀಸ್ಟ್ ಹಾಕದೆ ಬರೀ ಕುದಿಸಿ, ನಿಂಬೆಹುಳಿ ಹಿಂಡಿ, ಬಾಟಲಿಗೆ ತುಂಬಿ ಶುಂಠಿ ವೈನ್ ಅಂತ ಮಾರುವುದೂ ಇದೆ. ಅದು ಶರಬತ್ತು, ಒಳ್ಳೆ ಶರಬತ್ತು, ಅದರಲ್ಲಿ ಫರ್ಮೆಂಟೇಶನ್ ಇಲ್ಲ.

ಮನುಷ್ಯರು ಸಾವಿರಾರು ವರ್ಷ ಇದನ್ನೆಲ್ಲ ಮಾಡಿಕೊಂಡು ಬಂದರೂ ಒಳಗೆ ದುಡಿಯುವವರು ಯಾರು ಅಂತ ಗೊತ್ತಿರಲಿಲ್ಲ. 1516 ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು, ಈ ಮೂರನ್ನು ಮಾತ್ರ ಹಾಕಬೇಕು ಅಂತ ಕಾನೂನು ಮಾಡಿದರು. ಅದರಲ್ಲಿ ಯೀಸ್ಟ್ ಹೆಸರೇ ಇಲ್ಲ. 1856 ರಲ್ಲಿ ಫ್ರಾನ್ಸಿನ ಲಿಲ್ ಎಂಬ ಊರಲ್ಲಿ ಬೀಟ್‌ರೂಟ್‌ನಿಂದ ಆಲ್ಕೋಹಾಲ್ ಮಾಡುವವರೊಬ್ಬರು ವಿಜ್ಞಾನಿ ಲೂಯಿ ಪಾಶ್ಚರ್ ಹತ್ತಿರ ಬಂದರು. ಅವರ ಕೆಲವು ತೊಟ್ಟಿಗಳು ಸುಮ್ಮಸುಮ್ಮನೆ ಹುಳಿಯಾಗಿ ಕೆಡುತ್ತಿದ್ದವು. ಪಾಶ್ಚರ್ ಎರಡೂ ಬಗೆಯ ತೊಟ್ಟಿಯ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚೆನ್ನಾಗಿರುವ ತೊಟ್ಟಿಯಲ್ಲಿ ದುಂಡಗಿನ ಯೀಸ್ಟ್. ಕೆಟ್ಟ ತೊಟ್ಟಿಯಲ್ಲಿ ಸಣ್ಣ ಕಡ್ಡಿಯಂಥ ಬೇರೆ ಜೀವಿಗಳು. ಅಂದರೆ ಕೆಟ್ಟ ತೊಟ್ಟಿಯೂ ಹುದುಗಿದ್ದೇ, ಬೇಡದವು ಹುದುಗಿಸಿದ್ದವು. 1857 ರಲ್ಲಿ ಲ್ಯಾಕ್ಟಿಕ್ ಹುಳಿಯ ಬಗ್ಗೆ ಅವರ ಲೇಖನ ಬಂತು. 1883 ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿದರು. ಆಮೇಲೆ 1897 ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಅದರ ರಸ ಮಾತ್ರ ಹಾಕಿದರೂ ಸಕ್ಕರೆ ಆಲ್ಕೋಹಾಲ್ ಆಗುತ್ತದೆ ಅಂತ ತೋರಿಸಿದರು. ಯೀಸ್ಟಿನೊಳಗಿನ ಕಿಣ್ವಗಳು ಆ ಕೆಲಸ ಮಾಡುತ್ತವೆ ಅಂತ ಹಾಗೆ ಗೊತ್ತಾಯಿತು. 1907 ರಲ್ಲಿ ಅವರಿಗೆ ನೊಬೆಲ್ ಬಂತು.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ಲಿಲ್ ಊರಿನ ತೊಟ್ಟಿಗಳು. ಯಾಕೆಂದರೆ ಅದೇ ಪ್ರಶ್ನೆ ಪ್ರತಿ ವರ್ಷ ಡಿಸೆಂಬರಿನಲ್ಲಿ ನಮ್ಮ ಪಲ್ಪರ್ ಮನೆಯಲ್ಲೂ ಏಳುತ್ತದೆ. ಪಕ್ಕಪಕ್ಕದ ಎರಡು ತೊಟ್ಟಿ, ಒಂದೇ ತೋಟದ ಹಣ್ಣು, ಒಂದು ಚೆನ್ನಾಗಿ ಬಂತು, ಇನ್ನೊಂದು ವಾಸನೆ ಹೊಡೆಯಿತು, ಯಾಕೆ?

ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡುತ್ತೇವೆ. ಸಿಪ್ಪೆ ಹೋಗುತ್ತದೆ, ಆದರೆ ಪಾರ್ಚ್‌ಮೆಂಟಿನ, ಅಂದರೆ ಬೀಜದ ಸುತ್ತಲಿನ ಗಟ್ಟಿ ಹೊಟ್ಟಿನ ಮೇಲೆ ಲೋಳೆ ಅಂಟಿಕೊಂಡೇ ಇರುತ್ತದೆ. ಎಷ್ಟು ನೀರು ಹಾಕಿ ಉಜ್ಜಿದರೂ ಆಗ ಬಿಡುವುದಿಲ್ಲ. ಆ ಲೋಳೆಯಲ್ಲಿ ಅಂಟು ಕೊಡುವ ಪೆಕ್ಟಿನ್ ಇದೆ, ಸಕ್ಕರೆ ಇದೆ. ತೊಟ್ಟಿಯಲ್ಲಿ ಹಾಕಿಟ್ಟರೆ ಹಣ್ಣಿನದೇ ಕಿಣ್ವಗಳು, ಜೊತೆಗೆ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಸೇರಿ ಆ ಪೆಕ್ಟಿನ್ ಒಡೆಯುತ್ತವೆ. ಅರೇಬಿಕಾಗೆ ಸಾಮಾನ್ಯವಾಗಿ 24 ರಿಂದ 36 ಗಂಟೆ. ರೊಬಸ್ಟಾ ಲೋಳೆ ಇನ್ನೂ ದಪ್ಪ, ಅದು ಬಿಡಲು ಜಾಸ್ತಿ ಹೊತ್ತು ಬೇಕು, ನಮ್ಮಲ್ಲಿ ಹೆಚ್ಚಿನ ರೊಬಸ್ಟಾವನ್ನು ಪಲ್ಪ್ ಮಾಡದೆ ಚೆರಿಯಾಗಿಯೇ, ಅಂದರೆ ಇಡೀ ಹಣ್ಣಾಗಿಯೇ, ಕಣದಲ್ಲಿ ಒಣಗಿಸುತ್ತೇವೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಬಿಯರಿನಲ್ಲಿ ಹುದುಗಿ ಬಂದದ್ದನ್ನೇ ಕುಡಿಯುತ್ತೇವೆ. ಕಾಫಿಯಲ್ಲಿ ಹುದುಗಿದ ನೀರನ್ನು ಚೆಲ್ಲಿಬಿಡುತ್ತೇವೆ! ನಮಗೆ ಬೇಕಾಗಿರುವುದು ಲೋಳೆ ಹೋಗುವುದು. ಹಾಗಾಗಿ ಯಂತ್ರದಲ್ಲಿ ಲೋಳೆ ಉಜ್ಜಿ ತೆಗೆದರೆ ಫರ್ಮೆಂಟೇಶನ್ ಇಲ್ಲದೆಯೂ ಪಾರ್ಚ್‌ಮೆಂಟ್ ಕಾಫಿ ಮಾಡಬಹುದು, ಎಷ್ಟೋ ಎಸ್ಟೇಟುಗಳು ಮಾಡುತ್ತಿವೆ. ಆದರೆ ಆ ಒಂದೂವರೆ ದಿನದಲ್ಲಿ ತೊಟ್ಟಿಯ ಹುಳಿ, ತೊಟ್ಟಿಯ ಘಮ ಬೀಜಕ್ಕೂ ಸ್ವಲ್ಪ ಇಳಿಯುತ್ತದೆ. ಒಳ್ಳೆಯದು ಇಳಿದರೆ ಕಪ್ಪಿನಲ್ಲಿ ಹಣ್ಣಿನ ಚುರುಕು ಬರುತ್ತದೆ, ಕೆಟ್ಟದ್ದು ಇಳಿದರೆ ವಿನೆಗರ್, ಈರುಳ್ಳಿ, ಕೊಳೆತ ವಾಸನೆ.

ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಗಡಿಯಾರ ನೋಡಿ ಮಾತ್ರ ಹೇಳಬೇಡಿ. ತೊಟ್ಟಿಯ ತಳದಿಂದ ಒಂದು ಹಿಡಿ ತೆಗೆದು, ನೀರಲ್ಲಿ ಒಮ್ಮೆ ಅದ್ದಿ, ಮುಷ್ಟಿಯಲ್ಲಿ ಹಿಸುಕಿ ನೋಡಿ. ಲೋಳೆ ಇನ್ನೂ ಇದ್ದರೆ ಬೀಜ ಬೆರಳ ಸಂದಿಯಿಂದ ಜಾರಿ ಹಾರುತ್ತದೆ. ಬಿಟ್ಟಿದ್ದರೆ ಜಾರುವುದಿಲ್ಲ, ಕೈಗೆ ಒರಟಾಗಿ ಸಿಗುತ್ತದೆ, ಒಂದಕ್ಕೊಂದು ಉಜ್ಜಿ ಜಲ್ಲಿಯಂತೆ ಕರಕರ ಸದ್ದು ಮಾಡುತ್ತದೆ. ಕೋಲೊಂದನ್ನು ರಾಶಿಯೊಳಗೆ ಚುಚ್ಚಿ ತೆಗೆದಾಗ ತೂತು ಮುಚ್ಚಿಕೊಳ್ಳದೆ ನಿಂತರೆ ಅದೂ ಗುರುತು. ಹುಳಿಯನ್ನು ಅಳೆಯುವ ಪಿಎಚ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಅಂಕಿ ಇಳಿದು 4.5 ರ ಹತ್ತಿರ ಬಂತು ಅಂದರೆ ತೊಳೆಯಲು ಸಿದ್ಧರಾಗಿ. ಮೇಲಿನಿಂದ ಮಾತ್ರ ನೋಡಬೇಡಿ, ತೊಟ್ಟಿಯ ಮೇಲ್ಭಾಗ ಮತ್ತು ತಳ ಒಂದೇ ಸಮ ಹುದುಗುವುದಿಲ್ಲ. ಡಿಸೆಂಬರ್ ರಾತ್ರಿ ಚಳಿ ಜಾಸ್ತಿ ಇದ್ದರೆ 36 ಗಂಟೆಯಾದರೂ ಬಿಡದೇ ಇರಬಹುದು. ಹಗಲು ಸುಡುಬಿಸಿಲು ಬಿದ್ದ ತೊಟ್ಟಿ 20 ಗಂಟೆಗೇ ಮುಗಿದಿರಬಹುದು.

ಮತ್ತೆ, ಆ ಕೆಟ್ಟ ತೊಟ್ಟಿ. ಬಹಳ ಸಲ ಕಾರಣ ತೀರಾ ಸಣ್ಣದು. ನಿನ್ನೆಯ ಬೀಜ ಪಲ್ಪರ್ ಸಂದಿಯಲ್ಲಿ, ತೊಟ್ಟಿ ಮೂಲೆಯಲ್ಲಿ, ಕಾಲುವೆಯಲ್ಲಿ ನಾಲ್ಕಾರು ಉಳಿದುಕೊಂಡಿರುತ್ತವೆ. ಅವು ಎರಡು ದಿನ, ಮೂರು ದಿನ ಕೊಳೆತು ಇವತ್ತಿನ ರಾಶಿಯಲ್ಲಿ ಸೇರುತ್ತವೆ. ಇದನ್ನೇ ಸ್ಟಿಂಕರ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಹುರಿದು ಪುಡಿ ಮಾಡಿದಾಗ ಮೂಗಿಗೆ ಹೊಡೆಯುತ್ತದೆ. ಒಂದೇ ಒಂದು ಬೀಜ ಇಡೀ ಪಾತ್ರೆ ಕಾಫಿಯನ್ನು ಕೆಡಿಸಬಲ್ಲದು. ವರ್ಷವಿಡೀ ಕಷ್ಟಪಟ್ಟು, ಮಳೆ, ಕಾಯಿಕೊರಕ, ಆನೆ, ಆಳಿನ ಅಭಾವ ಎಲ್ಲ ದಾಟಿ ಬಂದ ಹಣ್ಣು ಪಲ್ಪರ್ ತೊಳೆಯದ ಕಾರಣಕ್ಕೆ ಕೆಟ್ಟುಹೋಗುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಈಗ ಅಡುಗೆಮನೆಗೆ ಹೋಗೋಣ. ಅಲ್ಲಿ ನಡೆಯುವುದು ಬರೀ ಬ್ರೂಯಿಂಗ್. ಹುರಿಯುವಾಗ 200 ಡಿಗ್ರಿ ದಾಟಿದ ಮೇಲೆ ಬೀಜದ ಮೇಲೆ ಜೀವ ಇರುವುದು ಏನೂ ಉಳಿದಿಲ್ಲ. ಹುರಿದ ಕಾಫಿಯಲ್ಲಿ ನೀರಿಗೆ ಕರಗುವಂಥದ್ದು ಹೆಚ್ಚೆಂದರೆ ಶೇ 30 ರಷ್ಟು. ಅದರಲ್ಲೂ ಎಲ್ಲವೂ ಬೇಡ, ಪುಡಿಯ ತೂಕದ ಶೇ 18 ರಿಂದ 22 ರಷ್ಟು ಇಳಿದರೆ ಕಾಫಿ ಹದವಾಗಿರುತ್ತದೆ ಅಂತ ಕಾಫಿ ರುಚಿ ನೋಡುವವರ ಲೆಕ್ಕ. ಮೊದಲು ಹುಳಿ ಇಳಿಯುತ್ತದೆ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತು ಒಗರು. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿ ಇಳಿಸಿದ ಡಿಕಾಕ್ಷನ್ ತೆಳ್ಳಗೆ ಕಹಿಯಾಗಿ ಇರುವುದು ಇದೇ ಕಾರಣಕ್ಕೆ. ನೀರು 92 ರಿಂದ 96 ಡಿಗ್ರಿ ಇದ್ದರೆ ಸಾಕು, ಅಂದರೆ ಕುದಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಹಾಕಿ.

ಫಿಲ್ಟರಿಗೆ ಇರುವ ಶಕ್ತಿ ಇಷ್ಟೇ: ಇದ್ದದ್ದನ್ನು ಇಳಿಸುವುದು. ಬೀಜದಲ್ಲಿ ಒಳ್ಳೆಯದಿದ್ದರೆ ಒಳ್ಳೆಯದು ಇಳಿಯುತ್ತದೆ, ಸ್ಟಿಂಕರ್ ಇದ್ದರೆ ಸ್ಟಿಂಕರ್ ಇಳಿಯುತ್ತದೆ. ಪುಡಿ ನುಣ್ಣಗೆ ಮಾಡಿ, ನೀರಿನ ಬಿಸಿ ಬದಲಿಸಿ, ಚಿಕೋರಿ ಜಾಸ್ತಿ ಮಾಡಿ, ಬೇರೆ ಫಿಲ್ಟರ್ ತನ್ನಿ, ತೊಟ್ಟಿಯಲ್ಲಿ ಬಂದ ಕೆಟ್ಟ ವಾಸನೆ ಹೋಗುವುದಿಲ್ಲ. ಬ್ರೂಯಿಂಗ್ ಬಗ್ಗೆ ಈಗ ಬೇಕಾದಷ್ಟು ವಿಡಿಯೋ, ಯಂತ್ರ, ತರಗತಿ ಎಲ್ಲ ಬಂದಿವೆ, ಸಂತೋಷ. ಆದರೆ ತೊಟ್ಟಿಯ ಪಕ್ಕ ನಿಂತು ಕಲಿಸುವವರು ಕಡಿಮೆ. ನಾವು ಬೆಳೆಗಾರರು ಜಾಸ್ತಿ ಗಮನ ಕೊಡಬೇಕಾಗಿರುವುದು ಅಲ್ಲಿ.

ಇತ್ತೀಚೆಗೆ ಮುಚ್ಚಿದ ಡ್ರಮ್ಮಿನಲ್ಲಿ ಗಾಳಿಯಾಡದಂತೆ 48 ಗಂಟೆ, 72 ಗಂಟೆ, ಇನ್ನೂ ಜಾಸ್ತಿ ಫರ್ಮೆಂಟ್ ಮಾಡುವುದು ಶುರುವಾಗಿದೆ. ಅಲ್ಲಿ ಗುರಿಯೇ ರುಚಿ, ಲೋಳೆ ಬಿಡಿಸುವುದು ಆಮೇಲಿನ ಮಾತು. ಕೆಲವು ತುಂಬಾ ಚೆನ್ನಾಗಿ ಬಂದಿವೆ, ಒಳ್ಳೆ ಬೆಲೆಯೂ ಸಿಕ್ಕಿದೆ. ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಬಿಸಿ ಎಷ್ಟು, ಪಿಎಚ್ ಎಷ್ಟು ಅಂತ ಅಳೆಯದೆ ಬರೀ ಗಂಟೆ ಲೆಕ್ಕ ನಕಲು ಮಾಡಬೇಡಿ. ಬೇರೆಯವರ 72 ಗಂಟೆ ಅವರ ಊರಿನ ಚಳಿಗೆ ಹೊಂದಿಕೊಂಡಿದ್ದು. ಮೊದಲು ಒಂದು ಡ್ರಮ್ ಮಾಡಿ, ಹುರಿದು ಕುಡಿದು ನೋಡಿ, ಆಮೇಲೆ ಮುಂದುವರಿಯಿರಿ.

ಇನ್ನೊಂದು ಮಾತು ಹೇಳದೆ ಇರಲಾರೆ. ತೊಳೆದ ನೀರು ತೊಟ್ಟಿಯಿಂದ ಹೊರಗೆ ಹೋದ ತಕ್ಷಣ ಫರ್ಮೆಂಟೇಶನ್ ನಿಲ್ಲುವುದಿಲ್ಲ. ಅದರಲ್ಲಿ ಸಕ್ಕರೆ, ಪೆಕ್ಟಿನ್, ಹುಳಿ ಎಲ್ಲ ಇದೆ. ತೋಡಿಗೆ ಬಿಟ್ಟರೆ ಅಲ್ಲೂ ಆ ಜೀವಿಗಳು ತಿನ್ನುತ್ತಾ ಬೆಳೆಯುತ್ತವೆ, ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು ಉಸಿರಾಡಲಾಗದೆ ಸಾಯುತ್ತವೆ. ನಮ್ಮ ತೋಡುಗಳ ನೀರು ಹೆಚ್ಚಾಗಿ ಕಾವೇರಿಗೇ ಸೇರುವುದು, ಕೆಳಗೆ ಎಷ್ಟೋ ಊರುಗಳು ಅದನ್ನೇ ಕುಡಿಯುತ್ತವೆ. ಸುಣ್ಣ ಹಾಕಿ ಹುಳಿ ಇಳಿಸಿ, ಹೊಂಡದಲ್ಲಿ ನಿಲ್ಲಿಸಿ, ಶುದ್ಧವಾಗುವವರೆಗೆ ಕಾಯಲೇಬೇಕು. ಇದರಲ್ಲಿ ರಾಜಿ ಬೇಡ.

ನೋಡಲು ಫರ್ಮೆಂಟೇಶನ್‌ನಂತೆ ಇದ್ದು, ಹಾಗಲ್ಲದ ಎರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಒಂದು ಟೀ ಎಲೆ. ಎಲೆಯನ್ನು ಹಿಸುಕಿ ರಾಶಿ ಹಾಕಿದಾಗ ಅದು ಕಂದು ಬಣ್ಣಕ್ಕೆ ತಿರುಗುವುದನ್ನು ಟೀ ಕಾರ್ಖಾನೆಯಲ್ಲಿ ಫರ್ಮೆಂಟೇಶನ್ ಅಂತಲೇ ಕರೆಯುತ್ತಾರೆ, ಆದರೆ ಅಲ್ಲಿ ಎಲೆಯದೇ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲಸ ಮಾಡುತ್ತದೆ, ಯೀಸ್ಟ್ ಬ್ಯಾಕ್ಟೀರಿಯಾಗಳ ಪಾತ್ರ ಇಲ್ಲ. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವುದೂ ಅದೇ.

ಇನ್ನೊಂದು ನಮ್ಮ ಕಾಚಂಪುಳಿ. ಕೊಡಗಿನ ವಿನೆಗರ್ ಅಂತ ಹೊರಗಿನವರಿಗೆ ಪರಿಚಯ ಮಾಡಿಕೊಡುತ್ತೇವೆ. ಪಣಪುಳಿ ಹಣ್ಣನ್ನು, ಅಂದರೆ ಮಲೆನಾಡಿನವರು ಉಪ್ಪಾಗೆ ಅನ್ನುವ ಹಣ್ಣನ್ನು, ಬುಟ್ಟಿಯಲ್ಲಿ ರಾಶಿ ಹಾಕಿ ಇಳಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತೇವೆ. ವಿನೆಗರಿನ ಹುಳಿ ಬ್ಯಾಕ್ಟೀರಿಯಾ ಮಾಡಿದ್ದು, ಆಲ್ಕೋಹಾಲ್ ಗಾಳಿಗೆ ಸಿಕ್ಕಾಗ ಆಗುವ ಅಸೆಟಿಕ್ ಆಮ್ಲ. ಕಾಚಂಪುಳಿಯ ಹುಳಿ ಹಣ್ಣಿನದೇ. ಅದರಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ 1965 ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಗುರುತಿಸಿದರು. ವಿನೆಗರನ್ನು ಗಂಟೆಗಟ್ಟಲೆ ಕುದಿಸಿದರೆ ಅದರ ಹುಳಿ ಆವಿಯ ಜೊತೆ ಹೋಗುತ್ತಾ ಬರುತ್ತದೆ. ಕಾಚಂಪುಳಿ ಕುದಿದಷ್ಟೂ ಹುಳಿ ಗಟ್ಟಿಯಾಗುತ್ತದೆ. ಹಾಗಾಗಿ ಪಂದಿ ಕರಿಗೆ ಕಾಚಂಪುಳಿ ಇಲ್ಲ ಅಂತ ವಿನೆಗರ್ ಹಾಕಿದರೆ ಆ ರುಚಿ ಯಾಕೆ ಬರುವುದಿಲ್ಲ ಅಂತ ಇನ್ನು ಯಾರೂ ಕೇಳಬೇಕಾಗಿಲ್ಲ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿದ್ದ ಅಕ್ಕ ಒಬ್ಬರು ಕೇಳಿದರು: ಬೆಳಗ್ಗಿನ ಡಿಕಾಕ್ಷನ್ ಸಂಜೆಗೆ ಹುಳಿಯಾಗುತ್ತದೆ, ಅದು ಹುದುಗಿದ್ದಾ? ಇಲ್ಲ ಅಕ್ಕ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಹುದುಗುವುದಿಲ್ಲ. ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲಗಳು ಬಿಸಿಯಲ್ಲಿ ಒಡೆದು ಕ್ವಿನಿಕ್ ಆಮ್ಲ ಜಾಸ್ತಿಯಾಗುತ್ತದೆ, ಘಮ ಹಾರಿಹೋಗುತ್ತದೆ, ಅದಕ್ಕೆ ಹುಳಿ ಕಹಿ ಮುಂದೆ ಬರುತ್ತದೆ. ಒಲೆಯ ಪಕ್ಕ ಬಿಸಿಯಾಗಿ ಇಟ್ಟಷ್ಟೂ ಬೇಗ ಹಾಳು. ತಣ್ಣಗೆ ಮಾಡಿ ಮುಚ್ಚಿಡಿ, ಬೇಕಾದಷ್ಟೇ ಬಿಸಿ ಮಾಡಿ.

ಮಳೆಗಾಲದಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲ, ಯೀಸ್ಟ್ ಹಾಕಬಹುದಾ ಅಂತ ಇನ್ನೊಬ್ಬರು. ದೋಸೆ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ, ಅದರಲ್ಲೂ ಲ್ಯೂಕೊನೊಸ್ಟಾಕ್ ಅನ್ನುವುದು, ಉದ್ದು ಮತ್ತು ಅಕ್ಕಿಯ ಮೇಲೆಯೇ ಇರುತ್ತದೆ. ಅದಕ್ಕೆ 28-30 ಡಿಗ್ರಿ ಬಿಸಿ ಹಿತ. ಜುಲೈನಲ್ಲಿ ಮಡಿಕೇರಿಯ ಅಡುಗೆಮನೆ 20 ರ ಆಸುಪಾಸು ಇರುತ್ತದೆ. ಯೀಸ್ಟ್ ಹಾಕಿದರೆ ಉಬ್ಬಬಹುದು, ಆದರೆ ಆ ಹುಳಿ ರುಚಿ ಬರುವುದಿಲ್ಲ. ಒಲೆ ಹತ್ತಿರ ಇಡಿ, ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಹೊತ್ತು ಜಾಸ್ತಿ ಕೊಡಿ.

ವೈನ್ ಬಾಟಲಿ ಒಡೆದುಹೋಯಿತು ಅಂತ ಒಬ್ಬರು ಹೇಳಿದರು. ಇದು ಅಪಾಯದ ವಿಷಯ, ದಯವಿಟ್ಟು ಗಮನ ಕೊಡಿ. ಲೀಟರಿಗೆ 10 ಗ್ರಾಂ ಸಕ್ಕರೆ ಉಳಿದಿರುವಾಗಲೇ ಬಿಗಿಯಾಗಿ ಮುಚ್ಚಿದರೆ, ಒಳಗೆ ಯೀಸ್ಟ್ ಅದನ್ನು ತಿಂದು ಎರಡೂವರೆ ಲೀಟರಿನಷ್ಟು ಗ್ಯಾಸ್ ಮಾಡುತ್ತದೆ. ಮಾಮೂಲಿ ಗಾಜಿನ ಬಾಟಲಿ ಅದನ್ನು ತಡೆಯದೆ ಸಿಡಿಯಬಹುದು. 21 ದಿನ ಆಯಿತು ಅಂತ ಬಾಟಲಿಗೆ ತುಂಬಬೇಡಿ, ಹುದುಗುವುದು ನಿಂತಿದೆಯಾ ನೋಡಿ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದು ತೆಗೆದುಕೊಳ್ಳಿ, ದುಬಾರಿಯೇನಲ್ಲ. ಕೆಲವು ದಿನ ಬಿಟ್ಟು ಬಿಟ್ಟು ನೋಡಿದಾಗ ಅಂಕಿ ಬದಲಾಗದೆ 1.000 ದ ಹತ್ತಿರ ಅಥವಾ ಕೆಳಗೆ ನಿಂತಿದ್ದರೆ ಮಾತ್ರ ತುಂಬಿ. ಎಷ್ಟು ಸಕ್ಕರೆ ಹಾಕಬೇಕು ಅನ್ನುವುದಕ್ಕೂ ಲೆಕ್ಕ ಇದೆ: ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇ 1 ಆಲ್ಕೋಹಾಲ್ ಬರುತ್ತದೆ. ಶೇ 12 ಬೇಕಾದರೆ 200 ಗ್ರಾಂ ಸಾಕು, ಅದರಲ್ಲಿ ಹಣ್ಣಿನ ಸಕ್ಕರೆಯೂ ಸೇರಿತು.

ಕೊನೆಯ ಪ್ರಶ್ನೆ ಒಬ್ಬ ಯುವ ಬೆಳೆಗಾರರದು: ಈ ಸಲ ತೊಟ್ಟಿಯ ಬಗ್ಗೆ ಏನೇನು ಬರೆದಿಡಬೇಕು? ಪ್ರತಿ ತೊಟ್ಟಿಗೂ ಒಂದು ಹಾಳೆ ಇಡಿ. ಪಲ್ಪ್ ಮುಗಿದ ಹೊತ್ತು, ಆಗಿನ ಬಿಸಿ, ಹಣ್ಣಿನಲ್ಲಿ ಹಸಿರು ಕಾಯಿ ಎಷ್ಟು ಬಂದಿತ್ತು, ಆರು ಗಂಟೆಗೊಮ್ಮೆ ತಳದ ಬಿಸಿ ಮತ್ತು ಪಿಎಚ್, ಕೈಯಲ್ಲಿ ಹಿಸುಕಿದಾಗ ಹೇಗಿತ್ತು, ತೊಳೆದ ಹೊತ್ತು. ಆ ತೊಟ್ಟಿಯ ಬೀಜ ಒಣಗಿಸಿದ್ದು ಬೇರೆ ಚೀಲದಲ್ಲೇ ಇರಲಿ, ಹಾಳೆಯ ನಂಬರ್ ಚೀಲದ ಮೇಲೂ ಬರೆಯಿರಿ. ಹುರಿದು ಕುಡಿದು ನೋಡಿದ ಮೇಲೆ ರುಚಿಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮತ್ತೆ ಪಲ್ಪರ್ ತೊಳೆದದ್ದು ಯಾವಾಗ, ತೊಳೆದವರು ಯಾರು, ಅದನ್ನು ಮೊದಲ ಸಾಲಿನಲ್ಲೇ ಹಾಕಿ.